ಟೂಬಾದವನ ಸಂಬಳ

ಸಂಯೋಜಕ ದ್ವೋರ್ಝಾಕ್‌ನ ‘ನ್ಯೂ ವರ್ಲ್ಡ್’ ಸಿಂಫನಿಯನ್ನು ಟಿವಿಯಲ್ಲಿ ಹಾಕಿಕೊಂಡು ಕುಳಿತಿದ್ದೆ. ಲೆಕ್ಕಪತ್ರ ಇಲಾಖೆಯಿಂದ ನಿವೃತ್ತರಾದ ಬಂಧುವೊಬ್ಬರು ಬಂದರು. ಟೂಬಾ ಎಂಬ ಭಾರೀ ಹಿತ್ತಾಳೆ ವಾದ್ಯವನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತವನತ್ತ ಬೆರಳು ತೋರಿ, ‘ಇವನಿಗೂ ಪೂರ್ತಿ ಸಂಬಳವೇ?’ ಎಂದರು.

ಅವನ ಸ್ವರಲಿಪಿಯ ಹಾಳೆಯಲ್ಲಿ ‘ಟಾಸೆಟ್’ ಎಂದಿರುತ್ತದೆ, ಸುಮ್ಮನಿರಬೇಕು ಎಂದೆ. ಅದಾಜಿಯೋ (ನಿಧಾನ), ಫೋರ್ಟೆ (ಜೋರು) ಎಂದು ಇಟಾಲಿಯನ್ನಿನಲ್ಲಿ ಹರಟುವ ಹಾಳೆಗೆ ಬಾಯಿ ಮುಚ್ಚಿಸಲು ಲ್ಯಾಟಿನ್ನೇ ಬೇಕಾಯಿತು. ಕೊನೆಯವರೆಗೂ ಮೌನವೆಂದರೆ ‘ಟಾಸೆಟ್ ಅಲ್ ಫೀನೆ’: ತಲೆ ಲ್ಯಾಟಿನ್, ಬಾಲ ಇಟಾಲಿಯನ್. ಬಂಧುಗಳಿಗೆ ವ್ಯಾಕರಣ ಬೇಕಿರಲಿಲ್ಲ.

ಅವರಿಗೆ ಸಿಟ್ಟು ಬರಿಸಲೆಂದೇ ಟೂಬಾದವನ ಸಂಜೆಯನ್ನು ವಿವರಿಸಿದೆ. ಸುಮಾರು ನಲವತ್ತು ನಿಮಿಷದ ಕೃತಿ. ಮೊದಲ ಭಾಗ ಟಾಸೆಟ್. ಎರಡನೆಯದಾದ, ನಿಧಾನಗತಿಯ ಲಾರ್ಗೋದಲ್ಲಿ, ಅಷ್ಟು ಹೊತ್ತು ತಣ್ಣಗಾದ ಲೋಹಕ್ಕೆ ಒಣಗಿದ ತುಟಿ ಒತ್ತಿ, ಇಡೀ ಸಭೆ ಉಸಿರು ಬಿಗಿಹಿಡಿದಿರುವಾಗ ಅಪಸ್ವರವಿಲ್ಲದೆ ನುಡಿಸಬೇಕು. ಎಲ್ಲ ಸೇರಿ 14 ಸ್ವರ. ಮೂರನೆಯ ಭಾಗ ಟಾಸೆಟ್. ನಾಲ್ಕರಲ್ಲಿ ಪಕ್ಕದ ಟ್ರೊಂಬೋನ್‌ಗಳು ಕೆನ್ನೆಯುಬ್ಬಿಸಿ ಗರ್ಜಿಸುತ್ತವೆ. ಇವನು ಆಕಳಿಸುವಂತಿಲ್ಲ, ಮೊಬೈಲ್ ತೆಗೆಯುವಂತಿಲ್ಲ, ಕಾಲು ಚಾಚುವಂತಿಲ್ಲ. 1893ರ ಡಿಸೆಂಬರ್ 16ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಇದು ಮೊದಲು ನುಡಿದಾಗಿನಿಂದ ಟೂಬಾದವರ ಹಣೆಬರಹ ಇದೇ. ಹಾಗೆಂದು ಟ್ರೊಂಬೋನ್‌ನವರು ಬೀಗಬೇಕಿಲ್ಲ. ಬೀಥೋವನ್‌ನ ಐದನೆಯ ಸಿಂಫನಿಯಲ್ಲಿ ಅವರಿಗೂ ಮೊದಲ ಮೂರು ಭಾಗ ಮೌನವೇ. 1808ರ ಡಿಸೆಂಬರಿನಲ್ಲಿ ವಿಯೆನ್ನಾದ ಕೊರೆಯುವ ಚಳಿಯ ರಂಗಮಂದಿರದಲ್ಲಿ, ನಾಲ್ಕು ಗಂಟೆಯ ಕಛೇರಿಯ ನಡುವೆ, ಅವರು ಹಾಗೆ ಕಾದರು.

‘14 ಸ್ವರಕ್ಕೆ ಒಂದು ದಿನದ ಸಂಬಳವೆಂದರೆ, ಸ್ವರವೊಂದಕ್ಕೆ...’ ಎಂದು ಬಂಧುಗಳು ಮನಸ್ಸಿನಲ್ಲೇ ಭಾಗಿಸತೊಡಗಿದರು. ಅಮೆರಿಕದ ಸಂಯೋಜಕ ಜಾನ್ ಕೇಜ್‌ನ ವಿಷಯವನ್ನು ನಾನು ಎತ್ತಲೇ ಇಲ್ಲ. 1952ರಲ್ಲಿ ಅವನ ಕೃತಿಯನ್ನು ನುಡಿಸಲೆಂದು ಪಿಯಾನೋ ವಾದಕ ಡೇವಿಡ್ ಟ್ಯೂಡರ್ ಪಿಯಾನೋದ ಮುಂದೆ ಕುಳಿತು, ನಾಲ್ಕು ನಿಮಿಷ ಮೂವತ್ತಮೂರು ಸೆಕೆಂಡು ಒಂದು ಮನೆಯನ್ನೂ ಒತ್ತಲಿಲ್ಲ. ಆಮೇಲಿನ ಮುದ್ರಿತ ಪ್ರತಿಯಲ್ಲಿ ಮೂರು ಭಾಗಕ್ಕೂ ಟಾಸೆಟ್. ಕೇಳಿದ್ದರೆ ಇವರು ಟಿಕೆಟ್ಟಿನ ಹಣ ವಾಪಸು ಕೇಳುತ್ತಿದ್ದರು.

ದ್ವೋರ್ಝಾಕ್ ಅಷ್ಟಕ್ಕೇ ಟೂಬಾವನ್ನು ಏಕೆ ಕರೆಸಿದ ಎಂಬುದನ್ನು ಹೇಳಲು ಹೊರಟವನು ನಾನು. ಆದರೆ ಸುಮ್ಮನೆ ಕುಳಿತವನ ಸಂಬಳ ಕೇಳುವ ಜನ, ಸುಮ್ಮನಿರದವನಿಗೆ ದಂಡ ಹಾಕುವುದಿಲ್ಲವಲ್ಲ ಎಂಬುದೇ ತಲೆಯಲ್ಲಿ ಕುದಿಯುತ್ತಿದೆ. ನಮ್ಮ ಪುಸ್ತಕ ಬಿಡುಗಡೆಗಳನ್ನೇ ನೋಡಿ. ವಂದನಾರ್ಪಣೆಗೆಂದು ಎದ್ದವರು ಎಲ್ಲ ಭಾಷಣಗಳ ಸಾರಾಂಶವನ್ನು ಮತ್ತೊಮ್ಮೆ ಒಪ್ಪಿಸಿ, ಶಾಮಿಯಾನದವರನ್ನೂ ಮೈಕಿನವರನ್ನೂ ಹೆಸರು ಹಿಡಿದು ನೆನೆದು, ‘ಕೊನೆಯದಾಗಿ ಒಂದು ಮಾತು’ ಎನ್ನುತ್ತಾರೆ. ಅಷ್ಟರಲ್ಲಿ ಹಿಂದಿನ ಸಾಲಿನವರು ಉಪ್ಪಿಟ್ಟು ಮುಗಿಸಿರುತ್ತಾರೆ.