ಕೂದಲಿನ ಬಣ್ಣವನ್ನೂ ಬೆಳಕಿಗೆ ತಂದು ನೋಡಿ

ಚಿಕ್ಕವಳಿದ್ದಾಗ ಅಮ್ಮನ ಜೊತೆ ಚಿಕ್ಕಪೇಟೆಗೆ ಸೀರೆ ತರಲು ಹೋಗುತ್ತಿದ್ದೆ. ಅಂಗಡಿಯವರು ಹತ್ತಾರು ಸೀರೆ ಬಿಚ್ಚಿ ಹರಡುತ್ತಿದ್ದರು. ಅಮ್ಮ ಒಂದನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು ನೇರ ಬಾಗಿಲ ಹತ್ತಿರ ಬರುತ್ತಿದ್ದಳು. "ಬೆಳಕಿಗೆ ತಂದು ನೋಡಬೇಕು ಕಣೇ, ಟ್ಯೂಬ್‌ಲೈಟ್ ಕೆಳಗೆ ಎಲ್ಲಾ ಬಣ್ಣವೂ ಚೆನ್ನಾಗೇ ಕಾಣುತ್ತೆ" ಅನ್ನುತ್ತಿದ್ದಳು. ಸೀರೆಗೆ ಇಷ್ಟು ಯೋಚಿಸುವ ನಾವು ಕೂದಲಿಗೆ ಬಣ್ಣ ಹಚ್ಚುವಾಗ ಯಾಕೆ ಯೋಚಿಸುವುದಿಲ್ಲ? ಸೀರೆಯನ್ನಾದರೆ ಸಂಜೆಗೆ ಬಿಚ್ಚಿಡುತ್ತೇವೆ. ಕೂದಲಿನ ಬಣ್ಣ ತಿಂಗಳುಗಟ್ಟಲೆ ಮುಖದ ಪಕ್ಕದಲ್ಲೇ ಇರುತ್ತದೆ.

ನನಗೆ 38ಕ್ಕೆ ಕಿವಿಯ ಹತ್ತಿರ ಬಿಳಿ ಕೂದಲು ಶುರುವಾಯಿತು. ಅಂಗಡಿಯಿಂದ ಕಪ್ಪು ಡೈ ಪುಡಿಯ ಪ್ಯಾಕೆಟ್ ತಂದು ಹಚ್ಚಿಕೊಂಡೆ. ಬಿಳಿಯೇನೋ ಮುಚ್ಚಿತು. ಆದರೆ ಮಾರನೇ ದಿನ ಆಫೀಸಿನಲ್ಲಿ ಇಬ್ಬರು "ಹುಷಾರಿಲ್ವಾ?" ಎಂದು ಕೇಳಿದರು. ಆ ವಾರ ತೆಗೆದ ಫೋಟೋದಲ್ಲಿ ಕಣ್ಣ ಕೆಳಗಿನ ಕಪ್ಪು, ತುಟಿ ಪಕ್ಕದ ಗೆರೆ ಎಲ್ಲಾ ಎದ್ದು ಕಾಣುತ್ತಿದ್ದವು. ಬೇರೆ ದಾರಿ ಇದೆ ಎಂದು ಗೊತ್ತಿಲ್ಲದೆ ಮೂರು ವರ್ಷ ಅದನ್ನೇ ಹಚ್ಚಿದೆ.

ನಮ್ಮ ಕೂದಲು ಕಪ್ಪು ಅನ್ನುತ್ತೇವೆ ಅಲ್ವಾ? ಒಂದು ಎಳೆಯನ್ನು ಬಿಸಿಲಿಗೆ ಹಿಡಿದು ನೋಡಿ. ಎಷ್ಟೋ ಜನರದ್ದು ನಿಜವಾಗಿ ಗಾಢ ಕಂದು. ಬುಡದಲ್ಲಿ ಒಂದು ಛಾಯೆ, ತುದಿಯಲ್ಲಿ ಇನ್ನೊಂದು. ಪ್ಯಾಕೆಟ್ಟಿನ ಕಪ್ಪಿನಲ್ಲಿ ಈ ಏರಿಳಿತ ಇರುವುದಿಲ್ಲ, ಗೋಡೆಗೆ ಬಳಿದ ಹಾಗೆ ಒಂದೇ ಸಮ. ಜೊತೆಗೆ ವಯಸ್ಸಾದಂತೆ ಹುಬ್ಬು ತೆಳುವಾಗುತ್ತದೆ, ಮುಖದ ಕಳೆ ಮೊದಲಿನಂತಿರುವುದಿಲ್ಲ. ಅದರ ಪಕ್ಕ ಕಡುಗಪ್ಪು ಬಂದಾಗ ಮುಖ ಬಿಗಿದ ಹಾಗೆ ಕಾಣುತ್ತದೆ. ಇಪ್ಪತ್ತರಲ್ಲಿ ಇದ್ದ ಬಣ್ಣಕ್ಕಿಂತ ಒಂದೆರಡು ಮೆಟ್ಟಿಲು ತಿಳಿಯಾದದ್ದನ್ನು ಆರಿಸಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಆ ಮೆಟ್ಟಿಲು ಡಬ್ಬಿಯ ಮೇಲೇ ಇರುತ್ತದೆ. 1 ಅಂದರೆ ಕಪ್ಪು, 3 ಗಾಢ ಕಂದು, 4 ಕಂದು, 5 ತಿಳಿ ಕಂದು. ಹೀಗೇ 10ರವರೆಗೆ ತಿಳಿಯಾಗುತ್ತಾ ಹೋಗುತ್ತದೆ. ಚುಕ್ಕೆಯ ನಂತರದ ಅಂಕಿ ಒಳಗಿನ ಹೊಳಪು ಯಾವುದೆಂದು ಹೇಳುತ್ತದೆ. ಸಾಮಾನ್ಯವಾಗಿ 1 ಬೂದಿ, 3 ಚಿನ್ನ, 4 ತಾಮ್ರ, 5 ಮಹಾಗನಿ ಕೆಂಪು. ಕಂಪನಿಯಿಂದ ಕಂಪನಿಗೆ ಈ ಅಂಕಿಗಳು ಸ್ವಲ್ಪ ಬದಲಾಗುತ್ತವೆ, ಹಾಗಾಗಿ ಶೇಡ್ ಕಾರ್ಡ್ ನೋಡಲೇಬೇಕು. ಡಬ್ಬಿಯ ಮೇಲಿನ ಹುಡುಗಿಯ ಫೋಟೋ ನಂಬಬೇಡಿ. ಅವಳ ಕೂದಲಿನ ಮೂಲ ಬಣ್ಣ ಬೇರೆ, ನಮ್ಮದು ಬೇರೆ. ಬಿಳಿ ಜಾಸ್ತಿ ಇದ್ದವರು ಬರೀ ತಾಮ್ರ, ಕೆಂಪು ಹಾಕಿದರೆ ಬಿಳಿ ಇದ್ದ ಕಡೆಯೆಲ್ಲಾ ಕಣ್ಣಿಗೆ ಹೊಡೆಯುತ್ತದೆ. ಅದಕ್ಕೇ ತಿಳಿದವರು ಅದೇ ಮೆಟ್ಟಿಲಿನ ಸಾದಾ ಕಂದನ್ನು ಅದರ ಜೊತೆ ಬೆರೆಸುತ್ತಾರೆ.

ಈಗ ನನಗೆ ತುಂಬಾ ನೋವಾದ ವಿಷಯ. ಹೋದ ವರ್ಷ ತಂಗಿಯ ಜೊತೆ ಒಂದು ಪಾರ್ಲರಿಗೆ ಹೋಗಿದ್ದೆ. ಅವಳು ಕಂದು ಕೇಳಿದಳು. "ನೀವು ಸ್ವಲ್ಪ ಡಾರ್ಕ್ ಅಲ್ವಾ ಮೇಡಂ, ಬ್ರೌನ್ ಸೂಟ್ ಆಗಲ್ಲ, ಬ್ಲ್ಯಾಕೇ ಹಾಕಿಸ್ಕೊಳ್ಳಿ" ಅಂದರು. ತಂಗಿ ಮಾತಾಡದೆ ಎದ್ದು ಬಂದಳು. ಆ ಮಾತು ಸುಳ್ಳು. ಕಪ್ಪು ಮೈಬಣ್ಣಕ್ಕೆ ಗಾಢ ಕಂದು, ಮಹಾಗನಿ, ಆಳವಾದ ತಾಮ್ರ ಎಷ್ಟು ಚೆಂದ ಒಪ್ಪುತ್ತವೆ ಎಂದು ನಾನು ಕಣ್ಣಾರೆ ನೋಡಿದ್ದೇನೆ. ಯಾರಿಗೆ ಯಾವುದು ಎಂದು ತಿಳಿಯಲು ಮಣಿಕಟ್ಟಿನ ನರ ನೀಲಿಯೋ ಹಸಿರೋ ನೋಡಿ ಅನ್ನುತ್ತಾರೆ. ನಮ್ಮಲ್ಲಿ ಎಷ್ಟೋ ಜನರ ಕೈಯಲ್ಲಿ ಅದು ಸರಿಯಾಗಿ ಕಾಣುವುದೇ ಇಲ್ಲ. ಅದಕ್ಕಿಂತ ನಿಮ್ಮ ಬೀರು ತೆಗೆಯಿರಿ. ಯಾವ ಸೀರೆ ಉಟ್ಟ ದಿನ "ಇವತ್ತು ಲಕ್ಷಣವಾಗಿದ್ದೀಯ" ಅನ್ನುತ್ತಾರೆ? ಸಾಸಿವೆ, ಕುಂಕುಮ, ಇಟ್ಟಿಗೆ ಬಣ್ಣವಾದರೆ ಚಿನ್ನ, ತಾಮ್ರ, ಮಹಾಗನಿಯ ಕಡೆ ಹೋಗಿ. ನೀಲಿ, ನೇರಳೆ, ಬೂದು ಒಪ್ಪುವವರಿಗೆ ಬೂದಿ ಛಾಯೆಯ ಕಂದು ಒಪ್ಪುತ್ತದೆ. ತಂಗಿಯದು ಕುಂಕುಮ ಬಣ್ಣ, ಅನುಮಾನವೇ ಇಲ್ಲ.

ಮೆಹೆಂದಿ ಒಳ್ಳೆಯದಲ್ವಾ ಎಂದು ಕೇಳುವವರಿಗೆ: ಶುದ್ಧ ಮೆಹೆಂದಿ ಬಿಳಿ ಕೂದಲಿಗೆ ಕಿತ್ತಳೆಗೆಂಪು ಮಾತ್ರ ಕೊಡುತ್ತದೆ. ಕಂದೋ ಕಪ್ಪೋ ಬೇಕೆಂದರೆ ಅದರ ಜೊತೆ ಇಲ್ಲವೇ ಅದರ ಮೇಲೆ ನೀಲಿ ಗಿಡದ ಎಲೆಪುಡಿ, ಅಂದರೆ ಇಂಡಿಗೋ, ಹಚ್ಚಬೇಕು. ಒಂದೇ ಸಲಕ್ಕೆ ಕಡುಗಪ್ಪು ಕೊಡುವ 'ಕಪ್ಪು ಮೆಹೆಂದಿ' ಎಷ್ಟೋ ಸಲ ಮೆಹೆಂದಿ ಹೆಸರಿನ ಡೈ. ಪ್ಯಾಕೆಟ್ಟಿನ ಹಿಂಬದಿಯಲ್ಲಿ ಪಿಪಿಡಿ (ಡೈಗೆ ಗಾಢ ಬಣ್ಣ ಕೊಡುವ ರಾಸಾಯನಿಕ) ಅಂತ ಬರೆದಿದೆಯಾ ಓದಿ. ಅದು ಕೆಲವರಿಗೆ ಆಗುವುದಿಲ್ಲ. ತುರಿಕೆ ಬಂದು ಕಣ್ಣು, ಮುಖ ಊದಿಕೊಳ್ಳುತ್ತದೆ. ಹತ್ತು ಸಲ ಹಚ್ಚಿ ಏನೂ ಆಗದವರಿಗೂ ಹನ್ನೊಂದನೇ ಸಲ ಆಗಬಹುದು. ಆದ್ದರಿಂದ ಪ್ರತಿ ಸಲವೂ ಡಬ್ಬಿಯಲ್ಲಿ ಹೇಳಿದ ಹಾಗೆ ಮೊದಲು ಚರ್ಮಕ್ಕೆ ಸ್ವಲ್ಪ ಹಚ್ಚಿ 48 ಗಂಟೆ ಕಾಯಿರಿ. ಹುಬ್ಬಿಗಂತೂ ಕೂದಲಿನ ಡೈ ಮುಟ್ಟಿಸಲೇಬೇಡಿ, ಕಣ್ಣಿಗೆ ಅಪಾಯ.

ಈಗಾಗಲೇ ಕಪ್ಪು ಹಚ್ಚಿರುವವರಿಗೆ ಒಂದು ಮಾತು. ಕಪ್ಪು ಡೈ ಮೇಲೆ ಕಂದು ಹಚ್ಚಿದರೆ ಅದು ಕಂದಾಗುವುದಿಲ್ಲ. ಬ್ಲೀಚ್ ಮಾಡಿಸಬೇಕು, ಇಲ್ಲವೇ ಬೆಳೆದು ಹೋಗಲು ಬಿಡಬೇಕು. ನಾನು ಬ್ಲೀಚಿಗೆ ಹೋಗಲಿಲ್ಲ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬುಡಕ್ಕೆ ಮಾತ್ರ ನಂಬರ್ 4 ಹಚ್ಚುತ್ತಾ, ತುದಿ ಕತ್ತರಿಸುತ್ತಾ ಬಂದೆ. ಭುಜದವರೆಗಿನ ಕೂದಲು ಪೂರ್ತಿ ಬದಲಾಗಲು ಎರಡು ವರ್ಷ ಬೇಕಾಯಿತು. ಈಗ ಯಾರೂ ಹುಷಾರಿಲ್ವಾ ಎಂದು ಕೇಳುವುದಿಲ್ಲ.

ಮುಂದಿನ ತಿಂಗಳು ತಂಗಿಯ ಮಗಳ ಮದುವೆ. ಹೊಸ ಬಣ್ಣ ಮೊದಲ ಕೆಲವು ದಿನ ಸ್ವಲ್ಪ ಗಾಢವಾಗಿಯೇ ಇರುತ್ತದೆ. ನಾಲ್ಕೈದು ಸಲ ತಲೆಗೆ ನೀರು ಬಿದ್ದ ಮೇಲೆ ಹದಕ್ಕೆ ಬರುತ್ತದೆ. ಹಾಗಾಗಿ ಎರಡು ವಾರ ಮೊದಲೇ ಹಚ್ಚುವುದು ಎಂದು ಮಾತಾಗಿದೆ. ಶೇಡ್ ಕಾರ್ಡ್ ತಂದಿಟ್ಟಿದ್ದೇನೆ. ಭಾನುವಾರ ಬೆಳಿಗ್ಗೆ ಅವಳ ಮನೆಯ ಮೆಟ್ಟಿಲ ಮೇಲೆ, ಬಿಸಿಲಲ್ಲಿ ಕೂತು ಆರಿಸುತ್ತೇವೆ. ಅಮ್ಮನೂ ಬರುತ್ತಾಳೆ.