ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಮತ ಹಾಕಬಹುದಾ?

ಚುನಾವಣೆ ಹತ್ತಿರ ಬಂದರೆ ಸಾಕು, ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಸಂದೇಶ ಓಡಾಡುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆಧಾರ್ ತೋರಿಸಿ ‘ಚಾಲೆಂಜ್ ವೋಟ್’ ಹಾಕಿ. ‘ಟೆಂಡರ್ ವೋಟ್’ ಶೇ. 14 ದಾಟಿದರೆ ಮರುಮತದಾನ ಆಗುತ್ತದೆ ಅಂತ.

ಎರಡೂ ಸುಳ್ಳು. ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ಯಾವ ಕಾರ್ಡ್ ತೋರಿಸಿದರೂ ಮತವಿಲ್ಲ. ಚಾಲೆಂಜ್ ಅನ್ನುವುದು ಬಂದವರ ಗುರುತಿನ ಮೇಲೆ ಅನುಮಾನವಿದ್ದಾಗ ಅಭ್ಯರ್ಥಿಯ ಏಜೆಂಟ್ 2 ರೂಪಾಯಿ ಕಟ್ಟಿ ಎತ್ತುವ ತಕರಾರು. ಟೆಂಡರ್ ವೋಟ್ ಇರುವುದು ನಿಜ. ನಿಮ್ಮ ಹೆಸರಲ್ಲಿ ಬೇರೆ ಯಾರೋ ಮೊದಲೇ ಮತ ಹಾಕಿದ್ದರೆ, ಗುರುತು ಖಚಿತವಾದ ಮೇಲೆ ನಿಮಗೆ ಕಾಗದದ ಮತಪತ್ರ ಕೊಡುತ್ತಾರೆ. ಅದನ್ನು ಲಕೋಟೆಯಲ್ಲಿ ಬೇರೆ ಇಡುತ್ತಾರೆ, ಮಾಮೂಲಿ ಎಣಿಕೆಗೆ ಸೇರಿಸುವುದಿಲ್ಲ. ಶೇ. 14ರ ನಿಯಮ ಎಲ್ಲೂ ಇಲ್ಲ.

ಇದನ್ನು ನಂಬಿ ಸುಮ್ನೆ ಕೂತವರು ಬೂತಿನಿಂದ ಹಾಗೇ ವಾಪಸ್ ಬರಬೇಕಾಗುತ್ತದೆ. ಬೇಸರದ ಸಂಗತಿ ಅಲ್ವಾ? ನಮ್ಮ ರಾಜ್ಯದಲ್ಲೇ, 2004ರಲ್ಲಿ, ಸಂತೆಮರಹಳ್ಳಿ ಕ್ಷೇತ್ರದ ಗೆಲುವು ಒಂದೇ ಮತದ್ದು.

ಹಾಗಾಗಿ ಈಗಲೇ 1950ಕ್ಕೆ ಫೋನ್ ಮಾಡಿ ಅಥವಾ ನಿಮ್ಮ ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಹತ್ತಿರ ಪಟ್ಟಿ ನೋಡಿ. ಹೊಸದಾಗಿ ಸೇರಲು ನಮೂನೆ 6, ಹುಬ್ಬಳ್ಳಿಯಿಂದ ಧಾರವಾಡಕ್ಕೆ ಮನೆ ಬದಲಿಸಿದವರಿಗೆ ನಮೂನೆ 8. ನಾಮಪತ್ರ ಸಲ್ಲಿಸುವ ಕೊನೆಯ ದಿನ ದಾಟಿದರೆ ಆ ಚುನಾವಣೆಗೆ ಹೆಸರು ಸೇರುವುದಿಲ್ಲ.