ಕಾರ್ತಿಕ ಮಾಸದ ಗಣಪ

ಮೊನ್ನೆ ರಾತ್ರಿ ಕೆಲಸ ಮುಗಿಸಿ ನಮ್ಮ ಕ್ರಾಸಿಗೆ ಸ್ಕೂಟರ್ ತಿರುಗಿಸಿದರೆ ಎದುರಿಗೆ ಗಣಪತಿ ಕೂತಿದ್ದಾನೆ. ನವೆಂಬರ್ ಎರಡನೇ ವಾರ. ಚರಂಡಿ ಪಕ್ಕ ದೀಪಾವಳಿ ಪಟಾಕಿಯ ಕೆಂಪು ಕಾಗದ ಇನ್ನೂ ಹಾಗೇ ಬಿದ್ದಿದೆ. 2025ರ ಚೌತಿ ಬಂದು ಹೋಗಿದ್ದು ಆಗಸ್ಟ್ 27ಕ್ಕೆ. ನಮ್ಮ ಮನೆಯ ಗಣಪ ಅವತ್ತೇ ಸಂಜೆ ಬಕೆಟ್ಟಿನಲ್ಲಿ ಕರಗಿ, ಆ ಮಣ್ಣು ಕರಿಬೇವಿನ ಕುಂಡ ಸೇರಿ, ಗಿಡ ಎರಡು ಸಲ ಚಿಗುರಿದೆ. ಬೀದಿ ಗಣಪ ಮಾತ್ರ ಈಗ ದಯಮಾಡಿಸಿದ್ದಾನೆ, ಅದೂ ರಸ್ತೆಯ ಈ ಕಾಂಪೌಂಡಿನಿಂದ ಆ ಕಾಂಪೌಂಡಿನವರೆಗೆ.

"ಏನಪ್ಪಾ, ಇಷ್ಟು ಲೇಟು?" ಅಂತ ಸೀರಿಯಲ್ ಸೆಟ್ ಕಟ್ಟುತ್ತಿದ್ದ ಹುಡುಗನನ್ನು ಕೇಳಿದೆ.

"ಆರ್ಕೆಸ್ಟ್ರಾ ಡೇಟ್ ಸಿಗ್ಲಿಲ್ಲ ಅಂಕಲ್. ಅಣ್ಣಾವ್ರ ಡೇಟೂ ಈಗ್ಲೇ ಸಿಕ್ಕಿದ್ದು."

ಅಣ್ಣಾವ್ರು ಅಂದ ಕೂಡಲೇ ಹಳೇ ಅಭ್ಯಾಸಕ್ಕೆ ಡಾ. ರಾಜ್ ನೆನಪಾಗಿ ಕೈ ಮುಗಿಯುವುದರಲ್ಲಿದ್ದೆ. ಅವನು ಕತ್ತು ಎತ್ತಿ ತೋರಿಸಿದ್ದು ಫ್ಲೆಕ್ಸಿನ ಕಡೆಗೆ.

ಉಳಿದ ಕರ್ನಾಟಕಕ್ಕೆ ಒಂದು ಪಂಚಾಂಗ, ಬೆಂಗಳೂರಿಗೇ ಬೇರೆ ಒಂದು. ನಮ್ಮಜ್ಜ ಬೆಳಗ್ಗೆ ನೋಡುತ್ತಿದ್ದ ಪಂಚಾಂಗದಲ್ಲಿ ತಿಥಿ, ವಾರ, ನಕ್ಷತ್ರ, ಯೋಗ, ಕರಣ ಅಂತ ಐದು ಅಂಗ ಇರುತ್ತಿದ್ದವು. ಇಲ್ಲಿನದಕ್ಕೂ ಐದೇ: ಆರ್ಕೆಸ್ಟ್ರಾ, ಶಾಮಿಯಾನ, ಸ್ಟೇಷನ್ ಪರ್ಮಿಷನ್ನು, ಸಂಬಳದ ವಾರ ಮತ್ತು ಅಣ್ಣನ ಡೇಟು. ಈ ಐದೂ ಒಂದೇ ರಾಶಿಯಲ್ಲಿ ಕೂಡಿದ ದಿನ ಚೌತಿ. ಭಾದ್ರಪದ ಶುಕ್ಲ ಅನ್ನುವುದೆಲ್ಲ ಮನೆಯಲ್ಲಿ ಕಡುಬು ಮಾಡುವವರ ತಲೆನೋವು. ಚಂದ್ರನನ್ನು ನೋಡಬಾರದು ಅನ್ನುವ ಭಯವೂ ಇಲ್ಲ. ಹಾಲೊಜೆನ್ ಬೆಳಕಿನಲ್ಲಿ ಚಂದ್ರ ಎಲ್ಲಿ ಕಾಣಬೇಕು?

ಸಂಬಳದ ವಾರ ಅಂದೆನಲ್ಲ, ಚಂದಾಕ್ಕೆ ಅದು ಬಹಳ ಮುಖ್ಯ. ಮೊದಲು ರಸೀದಿ ಪುಸ್ತಕ ಹಿಡಿದು ನಾಲ್ಕು ಹುಡುಗರು ಬರುತ್ತಿದ್ದರು. ಚಿಲ್ಲರೆ ಇಲ್ಲ, ನಾಳೆ ಬನ್ನಿ ಅಂತ ಮೂರು ನಾಳೆ ದೂಡಿದರೆ ಹಬ್ಬ ಮುಗಿದುಹೋಗುತ್ತಿತ್ತು. ಈಗ ಕ್ಯೂಆರ್ ಕೋಡ್ ಲ್ಯಾಮಿನೇಟ್ ಮಾಡಿಸಿ ಕೊರಳಿಗೆ ನೇತುಹಾಕಿಕೊಂಡು ಬರುತ್ತಾರೆ. "ಹೋದ್ಸಲ ಐನೂರು ಬರ್ಸಿದ್ರಿ ಅಂಕಲ್, ಈ ಸಲ ಸಾವಿರ ಮಾಡ್ಬಿಡಿ" ಅಂತ ಹೆಗಲಿಗೆ ಹೆಗಲು ಕೊಟ್ಟು ನಿಂತು ನಮ್ಮ ಫೋನಿನ ಪರದೆಯನ್ನೇ ನೋಡುತ್ತಾರೆ. ನಾಲ್ಕು ಅಂಕಿಯ ಪಿನ್ನನ್ನು ನನ್ನ ಹೆಂಡತಿಗೂ ಹೇಳಿಲ್ಲ, ನಮ್ಮ ಕ್ರಾಸಿನ ಸಂಘಕ್ಕೆ ಬಾಯಿಪಾಠ ಆಗಿರಬೇಕು.

ಫ್ಲೆಕ್ಸ್ ವಿಷಯಕ್ಕೆ ಬರೋಣ. ಗಾಡಿ ಮುಂದಕ್ಕೆ ಹೋಗುವಂತಿರಲಿಲ್ಲ, ಹಾಗಾಗಿ ಅದರಲ್ಲಿನ ಮುಖಗಳನ್ನು ಎಣಿಸಿದೆ. 38. ವಿಘ್ನೇಶ್ವರನಿಗೆ ಎಡಗಡೆ ಮೇಲ್ಮೂಲೆಯಲ್ಲಿ ಅಂಚೆಚೀಟಿಯಷ್ಟು ಜಾಗ ಕೊಟ್ಟಿದ್ದಾರೆ, ಅವನ ಕಿವಿ ಸ್ವಲ್ಪ ಕತ್ತರಿಸಿ ಹೋಗಿದೆ. ನಡುವೆ ಆಳೆತ್ತರಕ್ಕೆ ಅಣ್ಣ, ಬಿಳಿ ಅಂಗಿ, ಕಪ್ಪು ಕನ್ನಡಕ, ಕೈ ಮುಗಿದಿದ್ದಾರೆ. ಯಾರಿಗೆ ಮುಗಿದಿದ್ದಾರೆ ಅಂತ ಆ ಕಣ್ಣಿನ ದಿಕ್ಕು ಹಿಡಿದು ನೋಡಿದರೆ ಎದುರಿಗೆ ಟ್ರಾನ್ಸ್‌ಫಾರ್ಮರ್. ಕೆಳಗೆ ಸಾಲಾಗಿ ಯುವ ಮುಖಂಡರು, ಸಮಾಜ ಸೇವಕರು, ಬಡವರ ಬಂಧುಗಳು, ಕೊಡುಗೈ ದಾನಿಗಳು. ಇಷ್ಟು ದಾನಿಗಳಿದ್ದೂ ನನ್ನ ಸಾವಿರ ಯಾಕೆ ಬೇಕಾಯಿತೋ.

ಇವರಲ್ಲಿ ಹನ್ನೆರಡು ಜನ ಮಾಜಿ ಇಲ್ಲವೇ ಭಾವಿ ಕಾರ್ಪೊರೇಟರುಗಳು. ಹಾಲಿ ಒಬ್ಬರೂ ಇರಲಿಲ್ಲ, ಅವತ್ತಿಗೆ ಇರುವುದು ಸಾಧ್ಯವೂ ಇರಲಿಲ್ಲ. ಪಾಲಿಕೆಗೆ ಕೊನೆಯ ಚುನಾವಣೆ ನಡೆದಿದ್ದು 2015ರಲ್ಲಿ, ಆ ಸದಸ್ಯರ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ಐದು ವರ್ಷ ಚುನಾವಣೆಯೇ ಇಲ್ಲದೆ ಸಾಗಿ, ಒಂದಿದ್ದ ಬಿಬಿಎಂಪಿ 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಯಾಗಿ ಒಡೆಯಿತು. ಐದು ಪಾಲಿಕೆ ಅಂದರೆ ಐದು ಮೇಯರ್ ಕನಸು. ಫ್ಲೆಕ್ಸ್ ಪ್ರಿಂಟ್ ಹಾಕುವವನಿಗೆ ಇದಕ್ಕಿಂತ ದೊಡ್ಡ ಹಬ್ಬ ಯಾವುದಿದೆ? ಇದೇ ಊರಲ್ಲಿ 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಿದ ಮೇಲೆ ರಾತ್ರೋರಾತ್ರಿ ಸಾವಿರಾರು ಫ್ಲೆಕ್ಸ್ ಕಿತ್ತು ಲಾರಿಗೆ ತುಂಬಿದ್ದರು. ಅವತ್ತು ಹದಿನೈದು ದಿನ ಊರಿನ ಮರಗಳೆಲ್ಲ ಒಮ್ಮೆಲೇ ಕಂಡು, ಓಹೋ ಇಲ್ಲೊಂದು ಹೊಂಗೆ ಮರ ಇತ್ತಾ ಅಂತ ಜನ ಆಶ್ಚರ್ಯಪಟ್ಟಿದ್ದರು. ಈಗ ಆ ಹೊಂಗೆ ಮರದ ಉಪಯೋಗ ಫ್ಲೆಕ್ಸಿನ ಒಂದು ತುದಿ ಕಟ್ಟುವುದಕ್ಕೆ.

ಲೇಟಾಗಿ ಮಾಡುವುದರಲ್ಲಿ ಒಂದು ಅನುಕೂಲವೂ ಇದೆ. ನವೆಂಬರ್ ಆದ್ದರಿಂದ ಅದೇ ಶಾಮಿಯಾನದಲ್ಲಿ ರಾಜ್ಯೋತ್ಸವವೂ ಆಗಿಹೋಗುತ್ತದೆ. ಬಲಕ್ಕೆ ಗಣಪ, ಎಡಕ್ಕೆ ಭುವನೇಶ್ವರಿ, ಮಧ್ಯೆ ಅಣ್ಣ. 1956ರ ನವೆಂಬರ್ 1ಕ್ಕೆ ನಾಡು ಒಂದಾಯಿತು, 1973ರಲ್ಲಿ ಕರ್ನಾಟಕ ಅನ್ನುವ ಹೆಸರು ಬಂತು ಅಂತ ಭಾಷಣದಲ್ಲಿ ಹೇಳಬೇಕಿದ್ದವರು ಇಸವಿ ಮರೆತು "ಅಂದಿನಿಂದ ಇಂದಿನವರೆಗೂ" ಅಂತ ದಾಟಿಸಿದರು. ಭಾಷಣ ಮುಗಿದದ್ದೇ ನಿರೂಪಕ ಮೈಕು ಹಿಡಿದು, ಸಿರಿಗನ್ನಡಂ ಗೆಲ್ಗೆ ಅಂದ ಅದೇ ಉಸಿರಿನಲ್ಲಿ, "ಕಮಾನ್ ಬೆಂಗಳೂರ್, ಮೇಕ್ ಸಮ್ ನಾಯ್ಸ್!" ಅಂತ ಕೂಗಿದ. ಅಲ್ಲಪ್ಪಾ, ಅದೊಂದನ್ನು ನಮ್ಮ ಬೀದಿಗೆ ಹೇಳಿಕೊಡಬೇಕಾ?

ನಾಯ್ಸಿಗೆ ಕಾನೂನಿದೆ, 2000ನೇ ಇಸವಿಯಿಂದ ಇದೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಹರಿದಿನ ಅಂತ ಸರ್ಕಾರ 12ರವರೆಗೆ ಬಿಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ವಸತಿ ಪ್ರದೇಶದಲ್ಲಿ ರಾತ್ರಿ ಹೊತ್ತು 45 ಡೆಸಿಬಲ್ ಮಿತಿ. ನಮ್ಮನೆ ಹಳೇ ಫ್ರಿಜ್ಜು ನಡುರಾತ್ರಿ ಗೊರಕೆ ಹೊಡೆದರೆ ಅಷ್ಟಾಗುತ್ತದೇನೋ. ಇನ್ನು ಡಿಜೆ ಬಾಕ್ಸುಗಳನ್ನು ಮೂರಾಳೆತ್ತರ ಪೇರಿಸಿ ಶುರು ಮಾಡಿದರೆ ಅಡುಗೆಮನೆಯಲ್ಲಿ ಲೋಟಗಳು ತಟ್ಟೆಯ ಮೇಲೆ ತಾವಾಗಿಯೇ ನಡೆಯುತ್ತವೆ. ಪಕ್ಕದ ಮನೆಯ ಅಜ್ಜಿ ಎದೆ ಹಿಡಿದುಕೊಂಡು ಹೊರಗೆ ಬಂದರು. ಸಂಘದ ಹುಡುಗ ಓಡಿಬಂದು ಬಹಳ ಮರ್ಯಾದೆಯಿಂದ, "ಅಜ್ಜಿ, ಪ್ರಸಾದ ತಗೊಳ್ಳಿ" ಅಂತ ದೊನ್ನೆಯಲ್ಲಿ ಪುಳಿಯೋಗರೆ ಕೊಟ್ಟ. ಒಳ್ಳೇ ಹುಡುಗ. ಬಾಕ್ಸಿನ ಮುಂದೆ ನಿಂತೂ ನಿಂತೂ ಅಜ್ಜಿ ಹೇಳಿದ್ದು ಅವನಿಗೆ ಕೇಳಿಸಲಿಲ್ಲ ಅಷ್ಟೇ.

ಹಾಗಂತ ಈ ಊರಿನ ಹಬ್ಬಗಳೆಲ್ಲ ಅಣ್ಣನ ಡೇಟಿಗೆ ಕಾಯುತ್ತವೆ ಅಂದುಕೊಳ್ಳಬೇಡಿ. ಕಾರ್ತಿಕದ ಕಡೇ ಸೋಮವಾರ ಬಂತೆಂದರೆ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ತನ್ನಷ್ಟಕ್ಕೆ ನೆರೆಯುತ್ತದೆ. ಸುಂಕೇನಹಳ್ಳಿಯ ಹೊಲಕ್ಕೆ ನುಗ್ಗಿ ಕಡಲೆಕಾಯಿ ಮೇಯುತ್ತಿದ್ದ ಬಸವನಿಗೆ ರೈತರು ಮೊದಲ ಬೆಳೆ ಒಪ್ಪಿಸಿದ ಕಥೆ ನಿಮಗೆ ಗೊತ್ತೇ ಇದೆ. ನನಗೆ ಅದರಲ್ಲಿ ಇಷ್ಟವಾಗುವ ವಿಷಯ ಬೇರೆ. ಕಡಲೆಕಾಯಿ ನಮ್ಮ ಬೆಳೆಯೇ ಅಲ್ಲ, ದಕ್ಷಿಣ ಅಮೆರಿಕದ್ದು, ಹಡಗು ಹತ್ತಿ ಬಂದದ್ದು. ಬಸವ ಮಾತ್ರ ಅದರ ಪಾಸ್‌ಪೋರ್ಟ್ ಕೇಳಲಿಲ್ಲ, ರುಚಿ ನೋಡಿದ. ನಾನು ಪ್ರತಿ ವರ್ಷ ಹೋಗುತ್ತೇನೆ. ಸೇರಿನ ಮೇಲೆ ಗೋಪುರದ ಹಾಗೆ ಪೇರಿಸಿ ಅಳೆದು, ಚೀಲಕ್ಕೆ ಸುರಿದ ಮೇಲೆ ಇನ್ನೊಂದು ಹಿಡಿ ಎತ್ತಿ ಹಾಕುವ ಆ ಕೊಸರು ಇದೆಯಲ್ಲ, ಅದಕ್ಕಾಗಿ. ಕೊಸರು ಹಾಕುವ ಹೆಂಗಸಿನ ಮುಖ ಯಾವ ಫ್ಲೆಕ್ಸಿನಲ್ಲೂ ಇರುವುದಿಲ್ಲ. ಕರಗವೂ ಹಾಗೆಯೇ. ಚೈತ್ರದ ಹುಣ್ಣಿಮೆ ಅಂದರೆ ಹುಣ್ಣಿಮೆ. ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ನಡುರಾತ್ರಿ ಹೊರಟು, ಮಸ್ತಾನ್ ಸಾಬ್ ದರ್ಗಾಕ್ಕೂ ಹೋಗಿಯೇ ಮುಂದೆ ಸಾಗುತ್ತದೆ. ಯಾವ ಅಣ್ಣನೂ ಹುಣ್ಣಿಮೆಯನ್ನು ಮುಂದಿನ ವಾರಕ್ಕೆ ಹಾಕಿಸಿದ್ದು ಕೇಳಿಲ್ಲ.

ಡಿಸೆಂಬರ್ 31 ಕೂಡ ತಾರೀಖು ತಪ್ಪಿಸುವುದಿಲ್ಲ, ಪಾಪ. ಆದರೆ ಅದರ ಏರ್ಪಾಡು ನೋಡಬೇಕು. ಎಲ್ಲರೂ ಎಂ.ಜಿ. ರಸ್ತೆಗೆ ಬನ್ನಿ, ಗಾಡಿ ಬೇಡ, ಮೆಟ್ರೊದಲ್ಲಿ ಬನ್ನಿ ಅನ್ನುತ್ತಾರೆ. ಎಂ.ಜಿ. ರಸ್ತೆ ಮೆಟ್ರೊ ನಿಲ್ದಾಣವೇ ಈಚಿನ ವರ್ಷಗಳಲ್ಲಿ ಆ ರಾತ್ರಿ ಬಾಗಿಲು ಹಾಕುತ್ತದೆ. ಮೇಲ್ಸೇತುವೆಗಳನ್ನೂ ಮುಚ್ಚುತ್ತಾರೆ. ಸಂಭ್ರಮಕ್ಕೆ ನಗರ ಮಾಡಿಕೊಳ್ಳುವ ತಯಾರಿ ಅಂದರೆ ಬ್ಯಾರಿಕೇಡು. ಅತ್ತೆ ಬಂದರು ಅಂತ ಸೊಸೆ ಅಡುಗೆಮನೆಗೆ ಬೀಗ ಹಾಕಿದ ಹಾಗೆ.

ನಗಿಸುವುದಕ್ಕೆಂದೇ ಕೂತಿದ್ದೇನೆ. ಆದರೂ ಡೇಟಿನ ಮಾತು ಬಂದಾಗಲೆಲ್ಲ ಜೂನ್ 4 ನೆನಪಾಗುತ್ತದೆ, ಏನು ಮಾಡಲಿ. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಕಪ್ ಗೆದ್ದಿತು, ಮಾರನೇ ಸಂಜೆಯೇ ಉತ್ಸವ. ಹದಿನೆಂಟು ವರ್ಷ ಕಾದ ಊರು ಇನ್ನೊಂದು ವಾರ ಕಾಯುತ್ತಿರಲಿಲ್ಲವೇ? ಗಣಪನಿಗೆ ಎರಡೂವರೆ ತಿಂಗಳು ಕಾಯುವ ತಾಳ್ಮೆ ನಮಗಿದೆ. ಅವತ್ತು ಮಾತ್ರ ಯಾರಿಗೂ ಒಂದು ದಿನದ ತಾಳ್ಮೆ ಇರಲಿಲ್ಲ, ಯಾಕೆಂದರೆ ಕಪ್ಪಿನ ಪಕ್ಕ ನಿಲ್ಲುವ ಫೋಟೊ ಹಳಸಿಬಿಡುತ್ತದೆ. ಮೆರವಣಿಗೆ ಇದೆ, ಇಲ್ಲ, ಇದೆ ಅಂತ ಇಡೀ ದಿನ ಗೊಂದಲ. ಸುಮಾರು 35 ಸಾವಿರ ಜನ ಹಿಡಿಸುವ ಕ್ರೀಡಾಂಗಣದ ಸುತ್ತ ಲಕ್ಷಗಟ್ಟಲೆ ಜನ. ಅತ್ತ ವಿಧಾನಸೌಧದ ಮೆಟ್ಟಿಲ ಮೇಲೆ ಪೇಟ, ಹಾರ, ಸೆಲ್ಫಿ. ಇತ್ತ ಚಿನ್ನಸ್ವಾಮಿಯ ಗೇಟುಗಳ ಹತ್ತಿರ ಹನ್ನೊಂದು ಜನ ಸತ್ತರು. ಬಹುತೇಕ ಎಳೆಯರು. ಚಪ್ಪಲಿಗಳ ರಾಶಿಯ ಆ ಚಿತ್ರ ನೀವೂ ನೋಡಿದ್ದೀರಿ. ಆಮೇಲೆ ಅವರು ಇವರ ಮೇಲೆ, ಇವರು ಅವರ ಮೇಲೆ ಬೆರಳು ತೋರಿಸಿದರು. ಸಾಕಾಗಿದೆ. ಜನ ಸೇರಲಿ ಅಂತ ಕರೆಯುವುದು ಗೊತ್ತು, ಸೇರಿದ ಜನ ಜೀವಂತ ಮನೆಗೆ ಹೋಗಬೇಕು ಅನ್ನುವುದು ಗೊತ್ತಿಲ್ಲ.

ಇರಲಿ. ನಮ್ಮ ಕ್ರಾಸಿಗೇ ಬರುತ್ತೇನೆ. ಭಾನುವಾರ ಅಣ್ಣ ಬಂದರು. ಎಂಟು ಗಂಟೆಗೆ ಅಂದಿದ್ದು ಹತ್ತೂವರೆಗೆ ಬಂದರು. ಕ್ರೇನಿಗೆ ನೇತುಹಾಕಿದ್ದ ಸೇಬಿನ ಹಾರ ಇಳಿಯುವ ಮೊದಲೇ ಕೆಳಗೆ ನಿಂತವರು ಕಿತ್ತುಕೊಂಡು ತಿಂದರು. ಒಂದು ಸೇಬು ಉರುಳಿ ನಮ್ಮ ಗೇಟಿನೊಳಗೆ ಬಂತು, ನನ್ನ ಸಾವಿರಕ್ಕೆ ಬಡ್ಡಿ. ಅಣ್ಣ ಆರು ನಿಮಿಷ ಇದ್ದರು. ಗಣಪತಿಗೆ ಬೆನ್ನು ಹಾಕಿ ನಿಂತು ಫೋಟೊ ತೆಗೆಸಿಕೊಂಡು ಹೊರಟರು.

ಸೋಮವಾರ ವಿಸರ್ಜನೆ. ಚೌತಿ ಸೀಸನ್ನಿನಲ್ಲಾದರೆ ಪಾಲಿಕೆಯ ಸಂಚಾರಿ ಟ್ಯಾಂಕರ್ ಬರುತ್ತದೆ, ಕಲ್ಯಾಣಿಗಳಲ್ಲಿ ವ್ಯವಸ್ಥೆ ಇರುತ್ತದೆ. ನವೆಂಬರ್ ಗಣಪನಿಗೆ ಎಲ್ಲಿಯ ಟ್ಯಾಂಕರ್? ಕೇಳಿದ್ದಕ್ಕೆ, "ಕೆರೆ ಇದ್ಯಲ್ಲ ಅಂಕಲ್" ಅಂದ ಹುಡುಗ. ಟ್ರ್ಯಾಕ್ಟರ್ ಹೊರಟಿತು. ಮುಂದೆ ತಮಟೆ, ಹಿಂದೆ ಜನರೇಟರ್. ಗಣಪನ ಕಿರೀಟಕ್ಕೆ ತಾಗದ ಹಾಗೆ ಟ್ರ್ಯಾಕ್ಟರಿನ ಮೇಲೆ ನಿಂತು ಬಿದಿರುಗಳೆಯಿಂದ ವೈರು ಎತ್ತುವ ಕೆಲಸ ಅದೇ ಸೀರಿಯಲ್ ಸೆಟ್ ಹುಡುಗನದು. ಕೇಬಲ್ ಯಾವುದು, ಕರೆಂಟ್ ವೈರು ಯಾವುದು ಅಂತ ಕತ್ತಲಲ್ಲಿ ನನಗಂತೂ ಗೊತ್ತಾಗಲಿಲ್ಲ. ಅವನ ಕಾಲಲ್ಲಿ ಹವಾಯಿ ಚಪ್ಪಲಿ. ಮೂಲೆ ತಿರುಗುವವರೆಗೂ ಉಸಿರು ಬಿಗಿಹಿಡಿದು ನೋಡುತ್ತಾ ನಿಂತೆ. ನಮ್ಮ ಮನೆಯ ಇಂಟರ್‌ನೆಟ್ ಕಿತ್ತುಬಂತು, ಅವನಿಗೆ ಏನೂ ಆಗಲಿಲ್ಲ.

ಬೆಳಗ್ಗೆ ಅವನೇ ಶಾಮಿಯಾನದ ಕಂಬ ಕೀಳುತ್ತಿದ್ದ. ಎರಡು ತಿಂಗಳ ಹಿಂದಷ್ಟೇ ಹಾಕಿದ ಡಾಂಬರಿನಲ್ಲಿ ಸಾಲಾಗಿ ಹದಿನಾರು ಗುಂಡಿ.

"ಬರೋ ವರ್ಷ ಬೇಗ ಮಾಡ್ತೀವಿ ಅಂಕಲ್" ಅಂದ.

"ಚೌತಿಗೇ ಮಾಡ್ತೀರಾ?"

"ಚೌತಿ ಯಾವಾಗ ಅಂತ ಹೇಗ್ ಹೇಳೋದು ಅಂಕಲ್? ಎಲೆಕ್ಷನ್ ಡೇಟ್ ಫಿಕ್ಸ್ ಆಗ್ಲಿ."